ದಾನದ ಬೆಂಚಿಗೆ ಟೇಪು ಹಿಡಿದದ್ದು

ಆ ಬೆಂಚಿನ ಅಳತೆ ನನ್ನದಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೂಡುಬಿದಿರೆ ಪೇಟೆಯಲ್ಲಿ ಈಗಲೂ ಕೆಲವರು ನನ್ನನ್ನು ‘ಶಾಲೆಯ ಬೆಂಚು ಕಡಿದ ಆಚಾರಿ’ ಎಂದೇ ಗುರುತಿಸುತ್ತಾರೆ. ಕಡಿದದ್ದು ನಿಜ. ಆದರೆ ಯಾರಿಗೆ ಮಾಡುತ್ತಿದ್ದೇನೆ ಎಂದು ಕೇಳದೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಆ ತಪ್ಪಿನ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ.

ತೋಡಾರಿನಲ್ಲಿ ರಸ್ತೆ ಬದಿಗೇ ನನ್ನ ಮರದ ಕೆಲಸದ ಶೆಡ್ಡು. ಮಳೆಗಾಲ ಶುರುವಾಗಿ ಕೆಲವೇ ದಿನ ಆಗಿತ್ತು. ಒಂದು ಬೆಳಿಗ್ಗೆ ಕಲಾ ಸಂಘದ ಅಧ್ಯಕ್ಷರು ಪಿಕಪ್ಪಿನಲ್ಲಿ ಹಳೆಯದೊಂದು ಬೆಂಚು, ಡೆಸ್ಕು ಹೇರಿಕೊಂಡು ಬಂದರು. ಅವರದು ಪೇಟೆಯಲ್ಲಿ ಟೈಲ್ಸ್ ಅಂಗಡಿ. ಅಂಗಡಿಯ ಕೆಲಸ ಮುಗಿದ ಮೇಲೆ ಸಂಘ, ಯಕ್ಷಗಾನ, ನಾಟಕ, ಸನ್ಮಾನ. ಆ ವರ್ಷ ಅವರು ವರ್ತಕರನ್ನೆಲ್ಲ ಸೇರಿಸಿಕೊಂಡು ಹತ್ತು ಸರಕಾರಿ ಶಾಲೆಗಳಿಗೆ ಬೆಂಚು ಕೊಡುವುದು, ಕೊಟ್ಟ ಶಾಲೆಯಲ್ಲೇ ಒಬ್ಬ ಶಿಕ್ಷಕರನ್ನು ಸನ್ಮಾನಿಸುವುದು ಎಂದು ತೀರ್ಮಾನಿಸಿದ್ದರು.

“ಆಚಾರ್ರೇ, ಇದು ಮಿಜಾರು ಕಡೆಯ ಒಂದು ಹೈಸ್ಕೂಲಿನದ್ದು. ಗಟ್ಟಿ ಉಂಟು, ನೋಡ್ಲಿಕ್ಕೂ ಚಂದ ಉಂಟು. ಇದೇ ಮಾದರಿಯಲ್ಲಿ ಹನ್ನೆರಡು ಜೋಡಿ ಮಾಡಿ. ಮೊದಲನೇ ಶಾಲೆ ವೇಣೂರಿನಿಂದ ಒಳಗೆ. ಇದು ಸರಿಯಾದ್ರೆ ಉಳಿದ ಒಂಬತ್ತು ಶಾಲೆಯದ್ದೂ ನಿಮಗೇ.”

“ಯಾವ ಕ್ಲಾಸಿನ ಮಕ್ಕಳಿಗೆ?” ಎಂದು ಕೇಳಿದೆ.

“ಶಾಲೆಯ ಬೆಂಚು ಅಂದ್ರೆ ಶಾಲೆಯ ಬೆಂಚು ಮಾರಾಯ್ರೇ. ಅದರಲ್ಲಿ ಎಂತ ಕ್ಲಾಸು?”

ನಾನು ಎರಡನೇ ಸಲ ಕೇಳಲಿಲ್ಲ. ಬಾಗಿಲಿನ ದಾರಂದಕ್ಕೆ ಮರ ಕೊಯ್ಯುವ ಮೊದಲು ಗೋಡೆಯನ್ನು ಮೂರು ಕಡೆ ಅಳೆಯುವವನು ನಾನು. ಒಂಬತ್ತು ಶಾಲೆಯ ಕೆಲಸ ಕಣ್ಣೆದುರು ಕುಣಿಯುವಾಗ ಆ ಬುದ್ಧಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹಳೆಯ ಬೆಂಚಿಗೆ ಟೇಪು ಹಿಡಿದು ಬರೆದುಕೊಂಡೆ. ಕೂರುವ ಹಲಗೆ ನೆಲದಿಂದ ಹದಿನೆಂಟು ಇಂಚು, ಡೆಸ್ಕು ಮೂವತ್ತು ಇಂಚು, ಉದ್ದ ನಾಲ್ಕೂವರೆ ಅಡಿ. ಡೆಸ್ಕಿನ ಮುಂದುಗಡೆ ಕಾಲುಗಳ ನಡುವೆ ಒಂದು ಅಡ್ಡ ಪಟ್ಟಿ ಬೇಕು, ಅದರಲ್ಲಿ ದಾನಿಗಳ ಹೆಸರು ಕೆತ್ತಬೇಕು ಎಂದು ಅಧ್ಯಕ್ಷರು ಎರಡೆರಡು ಸಲ ಹೇಳಿದರು. ಹೆಸರಿನ ಪಟ್ಟಿಯ ಅಳತೆ ಮಾತ್ರ ಅವರಿಗೆ ಬಾಯಿಪಾಠ ಇತ್ತು.

ಮರ ಕೊಟ್ಟದ್ದು ಬಂಟ್ವಾಳದ ಒಂದು ಮಿಲ್ಲಿನವರು. ದಾನದ ಅಕೇಶಿಯಾ, ಲಾರಿಯಿಂದ ಇಳಿಸುವಾಗಲೇ ಕೈಗೆ ತಣ್ಣಗೆ ಹತ್ತಿತು. ಹಸಿ ಮರ. ಇದನ್ನು ಹಾಗೆಯೇ ಕೊಯ್ದು ಜೋಡಿಸಿದರೆ ಎರಡು ತಿಂಗಳಲ್ಲಿ ಹಲಗೆ ಬಾಗುತ್ತದೆ, ಮರಕ್ಕೆ ಮರ ಕೂರಿಸಿದ ಕಚ್ಚು ಸಡಿಲವಾಗುತ್ತದೆ. ಮಿಲ್ಲಿಗೆ ಫೋನು ಮಾಡಿದರೆ, “ಕೊಟ್ಟದ್ದರಲ್ಲಿಯೂ ತಪ್ಪು ಹುಡುಕ್ತೀರಾ?” ಎಂದು ನನಗೇ ತಿರುಗಿ ಬಿದ್ದರು. ಸಿಟ್ಟಿನಲ್ಲಿ ಅರ್ಧ ಮರವನ್ನು ವಾಪಸು ಕಳಿಸಿ, ನನ್ನಲ್ಲಿ ಒಣಗಿಸಿಟ್ಟಿದ್ದ ಹೆಬ್ಬಲಸನ್ನು ಮೇಲಿನ ಹಲಗೆಗಳಿಗೆ ಹಾಕಿದೆ. ಉಳಿದದ್ದನ್ನು ಶೆಡ್ಡಿನ ಮಾಡಿನ ಕೆಳಗೆ ಸಂದು ಬಿಟ್ಟು ಪೇರಿಸಿ, ಫ್ಯಾನು ಹಾಕಿ ಒಣಗಿಸಿದೆ. ನಾನೂ ನನ್ನ ಜೊತೆಯ ಹಳೆಯ ಕೆಲಸಗಾರನೂ ಐದು ವಾರ ಬೇರೆ ಯಾವ ಕೆಲಸವನ್ನೂ ಹಿಡಿಯದೆ ಹನ್ನೆರಡು ಜೋಡಿ ಮುಗಿಸಿದೆವು. ಕಾಲಿಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ, ಎಲ್ಲ ಕಚ್ಚು ಮತ್ತು ಮರದ ಗೂಟ. ಪಾಲಿಶು ಎರಡು ಕೈ. ಅಷ್ಟು ಒಳ್ಳೆಯ ಕೆಲಸವನ್ನು ನಾನು ಮದುವೆ ಮನೆಯ ಮಂಚಕ್ಕೂ ಮಾಡಿದವನಲ್ಲ.

ಶಿಕ್ಷಕರ ದಿನಾಚರಣೆಯ ಸಮಾರಂಭಕ್ಕೆ ಎಂಟು ದಿನ ಇರುವಾಗ ಟೆಂಪೊದಲ್ಲಿ ಹೇರಿಕೊಂಡು ಹೋದೆ. ಶಾಲೆಯ ಜಗಲಿಯಲ್ಲಿ ಮುಖ್ಯ ಶಿಕ್ಷಕಿ ನಿಂತಿದ್ದರು. ಐವತ್ತು ದಾಟಿದವರು, ದಿನಾ ಬಂಟ್ವಾಳದಿಂದ ಎರಡು ಬಸ್ಸು ಹಿಡಿದು ಬರುವವರು. ಸಮಾರಂಭದಲ್ಲಿ ಸನ್ಮಾನ ಆಗಬೇಕಾದದ್ದು ಅವರಿಗೇ. ‘ಬನ್ನಿ’ ಎನ್ನಲಿಲ್ಲ, ‘ನೀರು ಬೇಕಾ’ ಎನ್ನಲಿಲ್ಲ. ಟೆಂಪೊದ ಹಿಂಬದಿಯನ್ನು ಒಮ್ಮೆ ನೋಡಿದರು.

“ಇದು ಯಾರಿಗೆ?”

“ನಿಮ್ಮ ಮಕ್ಕಳಿಗೆ ಟೀಚರ್. ಒಂದರಿಂದ ಮೂರನೇ ಕ್ಲಾಸಿಗೆ ಅಂತ ಈಗ ಬರುವಾಗ ಅಧ್ಯಕ್ಷರು ಹೇಳಿದ್ರು.”

“ಒಳಗೆ ಇಡ್ಲಿಕ್ಕೆ ಆಗುವುದಿಲ್ಲ. ವಾಪಸು ತೆಗೊಂಡು ಹೋಗಿ.”

ನನಗೆ ಮೈಯೆಲ್ಲ ಉರಿಯಿತು. ಐದು ವಾರದ ಬೆವರು ಅದು. “ತಂದುಕೊಟ್ಟದ್ದನ್ನು ಬೇಡ ಅನ್ಲಿಕ್ಕೆ ನೀವು ಯಾರು? ಶಾಲೆ ನಿಮ್ಮ ಮನೆಯದ್ದಾ?” ಎಂದುಬಿಟ್ಟೆ.

“ಮನೆಯದ್ದಾದ್ರೆ ನಾನು ಇಷ್ಟು ಮಾತಾಡ್ತಿರಲಿಲ್ಲ. ಬನ್ನಿ, ಒಳಗೆ ನೋಡಿ. ಚಪ್ಪಲಿ ಹೊರಗೆ.”

ಕೋಣೆಯಲ್ಲಿ ಮೂರು ತರಗತಿಯ ಮಕ್ಕಳೂ ಒಟ್ಟಿಗೆ ನೆಲದಲ್ಲಿ ಚಾಪೆ ಹಾಕಿ ಐದು ಗುಂಪಾಗಿ ಕೂತಿದ್ದರು. ಸಣ್ಣ ತರಗತಿಗಳ ನಲಿಕಲಿ ಪಾಠ ಎಂದರೆ ಹಾಗೆ. ಆ ಗುಂಪಿಗೆ ತಟ್ಟೆ ಎನ್ನುತ್ತಾರಂತೆ. ಮಗು ತನ್ನ ಕಾರ್ಡನ್ನು ತಾನೇ ಹುಡುಕಿ ತಂದು, ಮುಗಿಸಿ, ಮುಂದಿನ ತಟ್ಟೆಗೆ ಎದ್ದು ಹೋಗಬೇಕು. ಗೋಡೆಯ ಬುಡದಲ್ಲಿ ಸುತ್ತಲೂ ಎರಡಡಿ ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಒಂದೊಂದು ಮಗುವಿಗೂ ಬರೆಯಲು ಒಂದೊಂದು ಹಲಗೆ ಮಾಡಿದ್ದರು. ನನ್ನ ಹನ್ನೆರಡು ಜೋಡಿಯನ್ನು ಅಲ್ಲಿ ಇಟ್ಟರೆ ಮಕ್ಕಳು ನಡೆಯಲು ಜಾಗ ಇಲ್ಲ, ಗೋಡೆಯ ಹಲಗೆ ಪೂರ್ತಿ ಬೆಂಚಿನ ಹಿಂದೆ. ಅಲ್ಲಿ ನಡೆಯುತ್ತಿದ್ದ ಪಾಠವೇ ನಿಂತುಹೋಗುತ್ತದೆ ಎಂದು ತಿಳಿಯಲು ಬಿ.ಎಡ್. ಬೇಕಾಗಿರಲಿಲ್ಲ.

ಟೀಚರ್ ಅಷ್ಟಕ್ಕೇ ಬಿಡಲಿಲ್ಲ. ಒಂದು ಜೋಡಿಯನ್ನು ಜಗಲಿಗೆ ಇಳಿಸಲು ಹೇಳಿ ಒಂದನೇ ತರಗತಿಯ ಹುಡುಗಿಯನ್ನು ಕರೆದು ಕೂರಿಸಿದರು. ಆ ಮಗುವಿನ ಕಾಲು ನೆಲದಿಂದ ಅರ್ಧ ಅಡಿ ಮೇಲೆ ನೇತಾಡುತ್ತಿತ್ತು. ಡೆಸ್ಕು ಅದರ ಗಲ್ಲಕ್ಕೆ ಬಂತು. ಬರೆಯಲು ಕೈ ಮೇಲಿಟ್ಟಾಗ ಭುಜ ಕಿವಿಗೆ ತಾಗಿತು.

“ಈಗ ಹೇಳಿ ಆಚಾರ್ರೇ. ನಿಮ್ಮ ಕೆಲಸ ಚಂದ ಉಂಟು. ಆದ್ರೆ ಇದರಲ್ಲಿ ಕೂತು ಬರಿಯುವುದು ಯಾರು? ನಾನಾ?”

ಅವರು ಹೇಳಿದ್ದು ಸರಿ ಇತ್ತು. ಅದಕ್ಕಾಗಿಯೇ ನನಗೆ ಅವರನ್ನು ಕಂಡರಾಗಲಿಲ್ಲ. ಬೆಂಚುಗಳನ್ನು ಜಗಲಿಯಲ್ಲಿ ಒಂದರ ಮೇಲೊಂದು ಪೇರಿಸಿ ಟೆಂಪೊ ಹತ್ತಿದೆ.

ವೇಣೂರು ಪೇಟೆಯಲ್ಲಿ ಚಹಾ ಕುಡಿಯುತ್ತಾ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಲೂ ಇಲ್ಲ.

“ಆ ಟೀಚರಿಗೆ ಅಹಂಕಾರ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದ್ರಂತೆ, ಹಾಗಾಯ್ತು ಇದು. ನೀವು ಮಂಡೆ ಬಿಸಿ ಮಾಡ್ಬೇಡಿ. ಊರಿನವರಿಗೆ ಬೆಂಚು ಬೇಕು. ನೆಲದಲ್ಲಿ ಕೂರಿಸುವ ಶಾಲೆ ಅಂತ ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ವ್ಯಾನಿಗೆ ಹತ್ತಿಸ್ತಾರೆ. ಗೊತ್ತುಂಟಾ? ಸಮಾರಂಭದ ದಿನ ಬೆಂಚು ಕೋಣೆ ಒಳಗೆ ಇರ್ಬೇಕು, ಮಕ್ಕಳು ಅದರಲ್ಲಿ ಕೂತಿರ್ಬೇಕು, ಫೋಟೊ ಆಗ್ಬೇಕು. ಮತ್ತೆ ಅವರು ಎಂತ ಬೇಕಾದ್ರೂ ಮಾಡ್ಲಿ.”

ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಟೆಂಪೊ ಇಳಿಸುವಾಗ ನೋಡಲು ಬಂದಿದ್ದ ಇಬ್ಬರು ತಾಯಂದಿರು ಬೆಂಚು ಕಂಡು, ಇನ್ನು ನಮ್ಮ ಶಾಲೆಯೂ ಶಾಲೆಯ ಹಾಗೆ ಕಾಣುತ್ತದೆ ಎಂದದ್ದು ನನಗೇ ಕೇಳಿಸಿತ್ತು. ಟೀಚರಿಗೆ ಅದು ಗೊತ್ತಿಲ್ಲದೆ ಇಲ್ಲ. ಬೆಂಚು ಬೇಡವೆಂದು ವಾಪಸು ಕಳಿಸಿದರೆ ಊರು ಅವರ ಮೇಲೆ ಮುನಿಯುತ್ತದೆ, ಮುಂದಿನ ವರ್ಷ ನಾಲ್ಕು ಮಕ್ಕಳು ವ್ಯಾನು ಹತ್ತುತ್ತಾರೆ. ಒಳಗಿಟ್ಟರೆ ಹನ್ನೆರಡು ವರ್ಷದಿಂದ ಕಟ್ಟಿದ ಕೋಣೆ ಹಾಳಾಗುತ್ತದೆ. ಎರಡು ಕಡೆಯಿಂದಲೂ ಏಟು ಬೀಳುವುದು ಅವರಿಗೇ.

ಎರಡು ದಿನ ನಾನು ಶೆಡ್ಡಿನಲ್ಲಿ ಹಿಡಿದ ಕೆಲಸ ಯಾವುದನ್ನೂ ಮುಗಿಸಲಿಲ್ಲ. ಜೊತೆಯ ಕೆಲಸಗಾರ ಒಂದು ಸಲ ಮೆಲ್ಲ, “ಕೊಟ್ಟಾಯ್ತು, ಇನ್ನು ನಮ್ಮ ಹೊಣೆ ಎಂತ?” ಎಂದ. ಅದೇ ಮಾತನ್ನು ನಾನೂ ಹೇಳಿಕೊಳ್ಳುತ್ತಾ ಇದ್ದೆ, ಆದರೆ ಬೇರೆಯವನ ಬಾಯಲ್ಲಿ ಕೇಳಿದಾಗ ಅಸಹ್ಯವಾಯಿತು. ಕೂರಲಾಗದ ಬೆಂಚು ಮಾಡಿದ ಆಚಾರಿ ಎಂದರೆ ತೂತಿನ ಕೊಡ ಮಾಡಿದ ಕುಂಬಾರನಿಗೆ ಸಮ. ಮೂರನೇ ದಿನ ಶನಿವಾರ ಟೇಪು, ಪೆನ್ಸಿಲು, ಒಂದು ಹಲಗೆ ಹಿಡಿದುಕೊಂಡು ಶಾಲೆಗೆ ಹೋದೆ.

“ಮತ್ತೆ ಬಂದ್ರಾ?” ಎಂದರು ಟೀಚರ್.

“ಡೆಸ್ಕಿನ ಕಾಲು ಕೊಯ್ದು ಗಿಡ್ಡ ಮಾಡುವ. ಎರಡೆರಡು ಡೆಸ್ಕು ಜೋಡಿಸಿದ್ರೆ ಆರು ಮೇಜು ಆಗ್ತದೆ. ಐದು ತಟ್ಟೆಗೆ ಐದು, ಒಂದು ನಿಮಗೆ. ಮಕ್ಕಳು ನೆಲದಲ್ಲೇ ಕೂತು ಸುತ್ತ ಬರೀಲಿ. ಬೆಂಚಿನ ಹಲಗೆಯಲ್ಲಿ ಕಾರ್ಡು ಇಡುವ ಶೆಲ್ಫು ಮಾಡ್ತೇನೆ.”

ಅವರು ಸಂತೋಷ ಪಟ್ಟರೋ ಅನುಮಾನ ಪಟ್ಟರೋ ತಿಳಿಯಲಿಲ್ಲ. “ಎಷ್ಟು ಎತ್ತರ?” ಎಂದರು.

“ಹನ್ನೆರಡು ಇಂಚು.”

“ಜಾಸ್ತಿ ಆಯ್ತು. ಒಂಬತ್ತು ಸಾಕು.”

“ಒಂಬತ್ತಾದ್ರೆ ಮೊಣಕಾಲು ಹಲಗೆಗೆ ತಾಗ್ತದೆ ಟೀಚರ್. ಹಲಗೆಯೇ ಒಂದು ಇಂಚು ದಪ್ಪ ಉಂಟು, ಅದರ ಕೆಳಗೆ ಪಟ್ಟಿ ಬರ್ತದೆ. ನಿಮಗೆ ಮರದ ಕೆಲಸ ಗೊತ್ತಿಲ್ಲ.”

“ನಿಮಗೆ ಮಕ್ಕಳು ಗೊತ್ತಿಲ್ಲ.”

ಹೀಗೆ ಕಾಲು ಗಂಟೆ ಜಗಳಾಡಿದೆವು. ಮಕ್ಕಳು ಕಾರ್ಡು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಕಡೆಗೆ ಟೀಚರ್ ಕಪಾಟಿನಿಂದ ಹಳೆಯ ಪಠ್ಯಪುಸ್ತಕಗಳನ್ನು ತಂದು ನೆಲದಲ್ಲಿ ಎರಡು ಕಡೆ ಪೇರಿಸಿದರು. ಅದರ ಮೇಲೆ ನನ್ನ ಹಲಗೆ ಇಟ್ಟೆವು. ಅತಿ ಸಣ್ಣ ಮಗುವನ್ನೂ ಅತಿ ದೊಡ್ಡ ಮಗುವನ್ನೂ ಎದುರು ಬದುರು ಚಕ್ಕಳಮಕ್ಕಳ ಕೂರಿಸಿ ಬರೆಯಲು ಹೇಳಿದರು. ಒಂದು ಪುಸ್ತಕ ತೆಗೆದರೆ ದೊಡ್ಡವನ ಮೊಣಕಾಲು ತಾಗುತ್ತದೆ, ಒಂದು ಇಟ್ಟರೆ ಸಣ್ಣವಳ ಭುಜ ಏರುತ್ತದೆ. ಗಣಿತದ್ದು ತೆಗೆದು ಕನ್ನಡದ್ದು ಇಟ್ಟು, ಇಂಗ್ಲಿಷಿನದ್ದು ತೆಗೆದು ಪರಿಸರದ್ದು ಇಟ್ಟು, ಇಬ್ಬರ ಮೊಣಕೈಯೂ ಹಲಗೆಯ ಮೇಲೆ ಸುಮ್ಮನೆ ಕೂತ ಕ್ಷಣ ನಾನು ಟೇಪು ಹಿಡಿದೆ. ಹತ್ತೂವರೆ ಇಂಚು. ನನ್ನದೂ ಅಲ್ಲ, ಅವರದೂ ಅಲ್ಲ. ನಾವಿಬ್ಬರೂ ಸೋತದ್ದು ನೋಡಿ ನನಗೆ ಸ್ವಲ್ಪ ಸಮಾಧಾನವೇ ಆಯಿತು.

ಭಾನುವಾರ ನಾನೂ ಜೊತೆಯ ಕೆಲಸಗಾರನೂ ಜಗಲಿಯಲ್ಲೇ ಕೊಯ್ಯಲು ಕೂತೆವು. ಮಾಡಿದ್ದನ್ನು ಒಡೆಯುವುದು ಮಾಡುವುದಕ್ಕಿಂತ ಕಷ್ಟ. ಗೂಟ ಹಾಕಿ ಬಿಗಿದ ಕಚ್ಚು ಸುತ್ತಿಗೆಗೆ ಜಗ್ಗುವುದಿಲ್ಲ. ನಾನೇ ಇಷ್ಟು ಗಟ್ಟಿ ಮಾಡಿದ್ದೆನಲ್ಲ ಎಂದು ನನಗೇ ಬೈದುಕೊಂಡೆ. ಬೆಂಚಿಗೂ ಡೆಸ್ಕಿಗೂ ನಡುವೆ ಇದ್ದ ಕೆಳಗಿನ ಪಟ್ಟಿಯನ್ನು ಗರಗಸದಲ್ಲಿ ಕೊಯ್ದು ಬೇರೆ ಮಾಡಿದೆವು. ಚೀಲ ಇಡುವ ಕೆಳ ಹಲಗೆ ತೆಗೆದೆವು. ನಾಲ್ಕು ಕಾಲನ್ನೂ ಒಂದೇ ಮಾಪಿಗೆ ಗೆರೆ ಹಾಕಿ ಕೊಯ್ದರೂ ಶಾಲೆಯ ಹಳೆಯ ನೆಲ ಸಮ ಇಲ್ಲದ್ದರಿಂದ ಮೊದಲ ಮೇಜು ಕುಂಟಿತು. ಆಮೇಲೆ ಪ್ರತಿ ಮೇಜನ್ನೂ ಅದು ಇರಬೇಕಾದ ಜಾಗದಲ್ಲೇ ಇಟ್ಟು, ಕಾಲಿನಡಿ ಪೆನ್ಸಿಲು ಆಡಿಸಿ ಗೆರೆ ತೆಗೆದು, ಕೀಸುಳಿಯಲ್ಲಿ ಕೂದಲೆಳೆಯಷ್ಟು ಕೀಸಿ ಕೂರಿಸಿದೆ. ಮೂಲೆಗಳನ್ನೆಲ್ಲ ಉರುಟು ಮಾಡಿದೆ. ಸೋಮವಾರ ಸಂಜೆಗೆ ಆರು ಮೇಜು, ಗೋಡೆಯ ಒಂದು ಬದಿಗೆ ಮಾತ್ರ ಸಣ್ಣ ಶೆಲ್ಫು ತಯಾರಾಯಿತು.

ಉಳಿದದ್ದು ಹೆಸರಿನ ಹನ್ನೆರಡು ಪಟ್ಟಿ. ಗಿಡ್ಡ ಮೇಜಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

“ಒಲೆಗೆ ಹಾಕಿ,” ಎಂದರು ಟೀಚರ್.

ಇಲ್ಲಿ ನನಗೆ ಪುನಃ ಸಿಟ್ಟು ಬಂತು. “ಹಾಗೆ ಹೇಳ್ಬಾರದು. ಇದರಲ್ಲಿ ದುಬೈಯಲ್ಲಿ ಬೆವರು ಸುರಿಸಿದವನ ಹೆಸರೂ ಉಂಟು, ಪೇಟೆಯಲ್ಲಿ ಸಣ್ಣ ಜಿನಸಿನ ಅಂಗಡಿ ಇಟ್ಟವನ ಹೆಸರೂ ಉಂಟು. ಕೊಟ್ಟವರಿಗೆ ಹೆಸರಿನ ಆಸೆ ಇರ್ತದೆ. ಅದೇನು ಕಳ್ಳತನವಾ?”

“ಕೋಣೆ ಒಳಗೆ ಬೇಡ. ಒಳಗೆ ಬರೆದದ್ದೆಲ್ಲ ಮಕ್ಕಳಿಗೆ ಓದ್ಲಿಕ್ಕೆ.”

“ಹಾಗಾದ್ರೆ ಹೊರಗೆ ಹಾಕುವ.”

ಜಗಲಿಯ ಗೋಡೆಯಲ್ಲಿ ಹನ್ನೆರಡು ಪಟ್ಟಿಗಳನ್ನೂ ಸಾಲಾಗಿ ಸ್ಕ್ರೂ ಹಾಕಿ ಕೂರಿಸಿದೆ. ಟೀಚರ್ ಅಧ್ಯಕ್ಷರಿಗೆ ಮೊದಲೇ ತಿಳಿಸುತ್ತೀರಾ ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. ತಿಳಿಸಿದರೆ ತಡೆಯುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಂಬತ್ತು ಶಾಲೆಯ ಕೆಲಸವನ್ನು ನಾನು ಆ ಗಳಿಗೆಯಲ್ಲಿ ಕೈಬಿಟ್ಟೆ. ಬಿಟ್ಟದ್ದು ದೊಡ್ಡ ಮನಸ್ಸಿನಿಂದಲ್ಲ. ನನ್ನ ಕೈಯ ಕೆಲಸದ ಮೇಲೆ ಮಗುವಿನ ಕಾಲು ನೇತಾಡುವುದನ್ನು ಇನ್ನೊಂದು ಸಲ ನೋಡುವ ಧೈರ್ಯ ನನಗಿರಲಿಲ್ಲ.

ಸಮಾರಂಭದ ಬೆಳಿಗ್ಗೆ ಅಧ್ಯಕ್ಷರು ಫೋಟೊದವನನ್ನು ಕರೆದುಕೊಂಡು ಎಲ್ಲರಿಗಿಂತ ಮೊದಲೇ ಬಂದರು. ನೇರ ಕೋಣೆಗೆ ಹೋದರು. ಹೊರಗೆ ಬಂದಾಗ ಅವರ ಮುಖ ಕೆಂಪಗಾಗಿತ್ತು.

“ಎಂತ ಆಚಾರ್ರೇ ಇದು? ಹನ್ನೆರಡು ಬೆಂಚು ಎಲ್ಲಿ? ಕಡಿದು ಹಾಕಿದ್ರಾ?”

“ಕಡಿದದ್ದಲ್ಲ ಅಧ್ಯಕ್ಷರೇ, ಮಕ್ಕಳ ಅಳತೆಗೆ ತಂದದ್ದು. ಒಮ್ಮೆ ಮಕ್ಕಳು ಕೂತದ್ದು ನೋಡಿ.”

“ನನಗೆ ಪಾಠ ಮಾಡ್ಬೇಡಿ! ದಾನಿಗಳು ಈಗ ಬರ್ತಾರೆ. ಕೊಟ್ಟ ಬೆಂಚು ಎಲ್ಲಿ ಅಂತ ಕೇಳಿದ್ರೆ ಇದನ್ನು ತೋರಿಸುವುದಾ? ಮಣೆಯ ಹಾಗೆ ಉಂಟು! ನನ್ನ ಮರ್ಯಾದೆ ತೆಗಿಲಿಕ್ಕೆ ನೀವು ಎಷ್ಟು ದಿನದಿಂದ ಕಾಯ್ತಾ ಇದ್ರಿ?”

ಅಡುಗೆಯವರು, ಶಾಮಿಯಾನದವರು, ಮಕ್ಕಳ ತಂದೆತಾಯಂದಿರು ಎಲ್ಲ ಸುತ್ತ ನಿಂತರು. ನನಗೂ ಬಾಯಿಗೆ ಬಂದದ್ದು ಬಂತು. ಹೈಸ್ಕೂಲಿನ ಬೆಂಚು ತಂದು ಆರು ವರ್ಷದ ಮಕ್ಕಳಿಗೆ ಕೊಟ್ಟವರು ನೀವು, ಕಣ್ಣು ಮುಚ್ಚಿ ಮಾಡಿದವನು ನಾನು, ಮರ್ಯಾದೆ ಹೋಗುವುದಾದರೆ ಇಬ್ಬರದ್ದೂ ಹೋಗಲಿ ಎಂದೆ. ಅವರು ನನ್ನ ಕಡೆ ಬೆರಳು ತೋರಿಸಿ, ಇನ್ನು ಸಂಘದ ಒಂದು ಪಟ್ಟಿ ಕೆಲಸವೂ ನಿನಗಿಲ್ಲ ಎಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅದು ಇವತ್ತಿಗೂ ಚುಚ್ಚುತ್ತದೆ.

ಹತ್ತೂವರೆಗೆ ಅತಿಥಿಗಳು ವೇದಿಕೆ ಹತ್ತಿದರು. ಸನ್ಮಾನ ಆಗಬೇಕಾದವರು ಮಾತ್ರ ಇರಲಿಲ್ಲ. ನಿರೂಪಕರು ಮೂರು ಸಲ ಮೈಕಿನಲ್ಲಿ ಕರೆದರು. ಕಡೆಗೆ ಒಬ್ಬರು ಕೋಣೆಗೆ ಓಡಿದರು. ಟೀಚರ್ ನೆಲದಲ್ಲಿ ಮೇಜಿನ ಹತ್ತಿರ ಕೂತು ಒಂದು ಮಗುವಿಗೆ ಕಾರ್ಡು ಓದಿಸುತ್ತಿದ್ದರಂತೆ. “ಈ ತಟ್ಟೆ ಮುಗಿಯಲಿ, ಬರ್ತೇನೆ” ಎಂದು ಹೇಳಿ ಕಳಿಸಿದರು. ವೇದಿಕೆಯಲ್ಲಿ ಟೈಲ್ಸ್, ಬಟ್ಟೆ, ಸಿಮೆಂಟು, ಔಷಧಿ, ಹೀಗೆ ಮೂಡುಬಿದಿರೆಯ ಅರ್ಧ ಪೇಟೆಯೇ ಕೂತು ಗಡಿಯಾರ ನೋಡುತ್ತಿತ್ತು.

ಅವರು ಬಂದಾಗ ಬೆರಳಲ್ಲಿ ಸೀಮೆಸುಣ್ಣ ಹಾಗೇ ಇತ್ತು. ಅಧ್ಯಕ್ಷರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಇಷ್ಟನ್ನೂ ಅವರ ಮುಖ ನೋಡದೆ ಮಾಡಿದರು. ಭಾಷಣದಲ್ಲಿ, “ಕೊಡುವುದು ಸುಲಭ, ಕೊಟ್ಟದ್ದನ್ನು ಜೀರ್ಣಿಸಿಕೊಳ್ಳುವುದು ಕೆಲವರಿಗೆ ಕಷ್ಟ” ಎಂದು ಚಪ್ಪಾಳೆ ಗಿಟ್ಟಿಸಿದರು. ಟೀಚರ್ ಉತ್ತರದಲ್ಲಿ ಒಂದೇ ವಿಷಯ ಹೇಳಿದರು. ಮೇಜು ಹತ್ತೂವರೆ ಇಂಚು ಎತ್ತರ ಇದೆ, ತಂದೆತಾಯಂದಿರು ಹೋಗುವ ಮೊದಲು ಮಕ್ಕಳ ಪಕ್ಕದಲ್ಲಿ ಕೂತು ನೋಡಿ ಹೋಗಬೇಕು. ಏಳೆಂಟು ಮಂದಿ ನೋಡಲು ಹೋದರು. ಉಳಿದವರು ಊಟಕ್ಕೆ ಹೋದರು. ನನಗೂ ಒಂದು ಶಾಲು ಹೊದಿಸುವುದೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿತ್ತು, ನಿರೂಪಕರು ಆ ಸಾಲನ್ನು ಹಾರಿಸಿದರು.

ಟೀಚರ್ ನನಗೆ ಕೃತಜ್ಞತೆ ಹೇಳಲಿಲ್ಲ. ಹೊರಡುವಾಗ, ಜಗಲಿಯಲ್ಲಿ ಮರದ ಹುಡಿ ಇನ್ನೂ ಉಂಟು, ಗುಡಿಸಿ ಹೋಗಿ ಎಂದರು. ಗುಡಿಸಿದೆ.

ಉಳಿದ ಒಂಬತ್ತು ಶಾಲೆಯ ಕೆಲಸ ಬೇರೆ ಕಡೆ ಹೋಯಿತು. ಮಾದರಿ ಬದಲಾಗಲಿಲ್ಲ. ಅದೇ ಹದಿನೆಂಟು, ಅದೇ ಮೂವತ್ತು, ಅದೇ ಹೆಸರಿನ ಪಟ್ಟಿ. ಟೆಂಪೊಗಳು ನನ್ನ ಶೆಡ್ಡಿನ ಎದುರಿನಿಂದಲೇ ಹೋಗುತ್ತಿದ್ದವು. ಒಂದೆರಡು ಸಲ ಅಡ್ಡ ನಿಲ್ಲಿಸಿ ಯಾವ ಕ್ಲಾಸಿಗೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಹೊಟ್ಟೆಕಿಚ್ಚಿನಿಂದ ಕೇಳುತ್ತಾನೆ ಎನ್ನುತ್ತಿದ್ದರು. ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಪತ್ರಿಕೆಯ ಒಳಪುಟಗಳಲ್ಲಿ ಶಾಲು ಹೊದ್ದ ಶಿಕ್ಷಕರ ಫೋಟೊ ಬರುತ್ತಿತ್ತು, ಹಿಂದೆ ಎತ್ತರದ ಬೆಂಚಿನಲ್ಲಿ ಸಾಲಾಗಿ ಕೂರಿಸಿದ ಮಕ್ಕಳು.

ಡಿಸೆಂಬರಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಬಂಟ್ವಾಳ ತಾಲೂಕಿನ ಒಂದು ಶಾಲೆಯ ಮೇಷ್ಟ್ರು. ವೇಣೂರಿನ ಕಡೆಯ ಟೀಚರು ನಿಮ್ಮ ನಂಬರು ಕೊಟ್ಟರು ಎಂದರು.

“ನಮ್ಮಲ್ಲಿಯೂ ಹನ್ನೆರಡು ಬೆಂಚು ಬಂದಿದೆ ಆಚಾರ್ರೇ. ಮಕ್ಕಳಿಗೆ ಆಗುವುದಿಲ್ಲ. ನೀವು ಬಂದು ಕೊಯ್ದು ಕೊಡ್ತೀರಾ?”

ನಾನು ಒಂದು ಸಲ ಸುಟ್ಟುಕೊಂಡವನು. “ಕೊಯ್ತೇನೆ ಮೇಷ್ಟ್ರೇ. ಆದ್ರೆ ಸಂಘದವರು ನೋಡ್ಲಿಕ್ಕೆ ಬಂದ್ರೆ ಎಂತ ಹೇಳ್ತೀರಿ?” ಎಂದು ಕೇಳಿದೆ.

ಆ ಕಡೆಯಿಂದ ಮೇಷ್ಟ್ರು ನಕ್ಕದ್ದು ಕೇಳಿಸಿತು.

“ನನ್ನ ಸನ್ಮಾನ ಆಗಿ ಎರಡು ತಿಂಗಳಾಯ್ತು ಆಚಾರ್ರೇ. ಇನ್ನು ಇಲ್ಲಿಗೆ ಯಾರೂ ಬರುವುದಿಲ್ಲ.”